ನಾಲ್ಕು ಗಂಟೆಯ ಲೋಟ: ಕಾಫಿ ನಾಡಿನ ಮನೆಯಲ್ಲಿ ಗಿಡಮೂಲಿಕೆ ಚಹಾ

ಜುಲೈ ತಿಂಗಳ ಸಂಜೆ. ಬೆಳಿಗ್ಗೆ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಕರೆಂಟ್ ಹೋಗಿ ಎರಡು ದಿನ. ಒಲೆ ಹತ್ತಿರ ಕೂತವರಿಗೆ ಏಳುವ ಮನಸ್ಸಿಲ್ಲ. ಇಂಥ ಹೊತ್ತಲ್ಲಿ ಕೊಡಗಿನ ಮನೆಯೊಂದರಲ್ಲಿ ‘ಕಾಫಿ ಬೇಡ, ಗಿಡಮೂಲಿಕೆ ಚಹಾ ಮಾಡ್ತೀನಿ’ ಅಂದು ನೋಡಿ. ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಲೋಟ ತೆಗೆದುಕೊಂಡು ಮೂಸಿ ನೋಡಿ, ‘ಇದಕ್ಕೆ ಕಷಾಯ ಅಂತಾರಮ್ಮಾ’ ಅಂದರು.

ಅವರು ಹೇಳಿದ್ದೇ ಸರಿ. ಚಹಾ ಅಂದರೆ ಚಹಾ ಗಿಡದ ಎಲೆ. ಗ್ರೀನ್ ಟೀ, ಬ್ಲ್ಯಾಕ್ ಟೀ ಎರಡೂ ಅದೇ ಗಿಡದ್ದು, ಎರಡರಲ್ಲೂ ಕೆಫೀನ್ ಇದೆ. ಗಿಡಮೂಲಿಕೆ ಚಹಾದಲ್ಲಿ ಆ ಎಲೆಯೇ ಇರುವುದಿಲ್ಲ. ತುಳಸಿ, ಶುಂಠಿ, ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್), ಜೀರಿಗೆ, ಏಲಕ್ಕಿ ಸಿಪ್ಪೆ, ಹೀಗೆ ಮನೆ ಸುತ್ತ ಸಿಗುವುದೇ ಇದರ ಸರಕು. ಅರ್ಧ ತೋಟದಲ್ಲಿದೆ, ಇನ್ನರ್ಧ ಸಾಂಬಾರ ಡಬ್ಬಿಯಲ್ಲಿದೆ. ಅಂಗಡಿಯ ಚಹಾ ಪೆಟ್ಟಿಗೆಗೆ 400 ರೂಪಾಯಿ ಕೊಡುವ ಮೊದಲು ಈ ಎರಡು ಜಾಗ ನೋಡಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಯಾವ ಲೋಟ ಬದಲಿಸುತ್ತೀರಿ?

ಕಾಫಿ ಬಿಡಬೇಕು ಅಂತ ನಾನು ಹೇಳುವುದಿಲ್ಲ. ಹೇಳಿದರೆ ಊರಲ್ಲಿ ಮುಖ ತೋರಿಸುವ ಹಾಗಿಲ್ಲ. ದಿನಕ್ಕೆ ಒಂದು ಲೋಟ ಬದಲಿಸಿ, ಸಾಕು. ನಾನು ಆರಿಸಿಕೊಂಡದ್ದು ಸಂಜೆ ನಾಲ್ಕರದ್ದು. ಅದಕ್ಕೆ ಕಾರಣ ಇದೆ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು. ನಾಲ್ಕಕ್ಕೆ ಸ್ಟ್ರಾಂಗ್ ಕಾಫಿ ಕುಡಿದರೆ ಒಂಬತ್ತಕ್ಕೆ ಮಲಗುವಾಗಲೂ ಅರ್ಧ ಲೋಟ ಕಾಫಿ ಒಳಗೇ ಇರುತ್ತದೆ. ನಿದ್ದೆ ಹೇಗೆ ಬರಬೇಕು?

ಇನ್ನೊಂದು ಕಾರಣ ಸಕ್ಕರೆ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ 32 ಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 50 ಗ್ರಾಂ ಮೀರಬೇಡಿ, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಅದು ಇಡೀ ದಿನದ ಲೆಕ್ಕ, ಪಾಯಸ, ಬಿಸ್ಕತ್ತು ಎಲ್ಲ ಸೇರಿ. ಬೆಲ್ಲ, ಜೇನು ಕೂಡ ಅದೇ ಲೆಕ್ಕಕ್ಕೆ ಬರುತ್ತವೆ. ನಮ್ಮ ಕಡೆಯ ಬೆಲ್ಲದ ಕಾಫಿ ನನಗೂ ಪ್ರಾಣ, ಆದರೂ ಹೇಳಲೇಬೇಕು. ಗಿಡಮೂಲಿಕೆ ಚಹಾದಿಂದ ಸಿಗುವ ದೊಡ್ಡ ಲಾಭ ಬಹುಶಃ ಇಷ್ಟೇ: ಸಿಹಿ ಇಲ್ಲದ ಒಂದು ಬಿಸಿ ಲೋಟ. ಅದಕ್ಕೆ ಎರಡು ಚಮಚ ಜೇನು ಸುರಿದರೆ ಬಂದ ಲಾಭ ಅಲ್ಲೇ ಹೋಯಿತು.

ಎರಡನೆಯದು: ಎಲ್ಲಿಂದ ಕೀಳುತ್ತೀರಿ?

ಪೇಟೆಯವರಿಗೆ ಇಲ್ಲದ ತಲೆನೋವು ಇದು. ತೋಟದವರು ಓದದೆ ಮುಂದೆ ಹೋಗಬೇಡಿ.

ಮುಂಗಾರಿಗೆ ಮೊದಲು ಕಾಫಿಗೂ ಮೆಣಸಿನ ಬಳ್ಳಿಗೂ ಬೋರ್ಡೋ ದ್ರಾವಣ ಹೊಡೆಯುತ್ತೇವೆ ಅಲ್ವಾ? ಮೈಲುತುತ್ತ, ಸುಣ್ಣ ಕಲಸಿದ ಆ ನೀಲಿ ನೀರು. ಬಳ್ಳಿಗೆ ಹೊಡೆದದ್ದು ಬಳ್ಳಿ ಮೇಲೇ ನಿಲ್ಲುವುದಿಲ್ಲ. ಬುಡದಲ್ಲಿ ತಾನಾಗಿ ಎದ್ದ ತುಳಸಿ, ದೊಡ್ಡಪತ್ರೆ, ಮಜ್ಜಿಗೆ ಹುಲ್ಲಿನ ಮೇಲೂ ಬೀಳುತ್ತದೆ. ಕಳೆನಾಶಕ ಹೊಡೆದ ಬದುವಿನದ್ದಂತೂ ಮುಟ್ಟಲೇಬಾರದು. ನಾನು ಚಹಾಕ್ಕೆ ಬೇಕಾದ ಗಿಡಗಳನ್ನು ಅಡುಗೆಮನೆ ಹಿಂದೆ ಬೇರೆಯೇ ಹಾಕಿದ್ದೇನೆ. ಮದ್ದು ಹೊಡೆಯುವ ಪೈಪ್ ಅಲ್ಲಿಯ ತನಕ ಬರುವುದಿಲ್ಲ. ಆರು ಕುಂಡ ಇಟ್ಟರೂ ಒಂದು ಮನೆಗೆ ಸಾಕು: ತುಳಸಿ ಎರಡು, ದೊಡ್ಡಪತ್ರೆ ಒಂದು, ಪುದೀನ ಒಂದು, ಮಜ್ಜಿಗೆ ಹುಲ್ಲು ಎರಡು.

ಮಜ್ಜಿಗೆ ಹುಲ್ಲಿನದ್ದೇ ಇನ್ನೊಂದು ಮಾತು. ಅದರ ಹಾಗೇ ಕಾಣುವ ಸಿಟ್ರೊನೆಲ್ಲಾ ಹುಲ್ಲು ಇದೆ. ಅದು ಸೊಳ್ಳೆ ಓಡಿಸುವ ಎಣ್ಣೆಗೆ, ಕುಡಿಯಲು ಅಲ್ಲ. ಬುಡ ಬಿಡಿಸಿ ನೋಡಿ. ಕೆಂಪು ಛಾಯೆ ಇದ್ದರೆ ಸಿಟ್ರೊನೆಲ್ಲಾ, ತಿಳಿ ಹಸಿರು ಬಿಳುಪು ಇದ್ದರೆ ನಮ್ಮದು. ಎಲೆ ಉಜ್ಜಿದಾಗ ನಿಂಬೆ ವಾಸನೆ ಬರಬೇಕು, ಸೋಪಿನದ್ದಲ್ಲ. ಅನುಮಾನ ಬಂದ ಯಾವ ಗಿಡವನ್ನೂ ನೀರಿಗೆ ಹಾಕಬೇಡಿ. ಫೋಟೋ ನೋಡಿ ಗಿಡ ಗುರುತು ಹಿಡಿಯುವ ಆ್ಯಪ್ ನಂಬಿ ಕಾಡಿನ ಸೊಪ್ಪು ಕುದಿಸುವವರ ಜೊತೆ ನನಗೆ ಮಾತಿಲ್ಲ.

ಪೇಟೆಯಿಂದ ತಂದ ಶುಂಠಿಯನ್ನು ಚೆನ್ನಾಗಿ ತೊಳೆದು ಸಿಪ್ಪೆ ಹೆರೆದುಬಿಡಿ. ಗದ್ದೆ ಗುತ್ತಿಗೆಗೆ ಹಿಡಿದು ಬೆಳೆಯುವ ಶುಂಠಿಗೆ ಎಷ್ಟು ಮದ್ದು ಬೀಳುತ್ತದೆ ಅಂತ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು: ಒಂದೊಂದೇ ಕುಡಿದು ನೋಡಿ

ನನ್ನ ಮೊದಲ ಪಾತ್ರೆ ಹೇಗಿತ್ತು ಅಂದರೆ, ಅದರಲ್ಲಿ ಹನ್ನೊಂದು ಸಾಮಾನು ಇದ್ದವು. ಎಲ್ಲ ಒಳ್ಳೆಯದೇ ಅಲ್ವಾ, ಎಲ್ಲ ಹಾಕೋಣ ಅಂದುಕೊಂಡೆ. ಬಣ್ಣ ಕೆರೆ ನೀರಿನದ್ದು, ರುಚಿ ಆಸ್ಪತ್ರೆಯದ್ದು. ಅದನ್ನು ಖಾಲಿ ಹೊಟ್ಟೆಗೆ ಕುಡಿದು ಮಧ್ಯಾಹ್ನದವರೆಗೂ ಎದೆ ಉರಿ. ಹನ್ನೊಂದರಲ್ಲಿ ಯಾವುದು ಕೈಕೊಟ್ಟಿತು ಅಂತ ಹೇಗೆ ಗೊತ್ತಾಗಬೇಕು? ಮತ್ತೆ ಒಂದೊಂದೇ ಕುಡಿದಾಗ ತಿಳಿಯಿತು: ಕಾಳುಮೆಣಸು. ಖಾಲಿ ಹೊಟ್ಟೆಗೆ ಅದು ನನಗೆ ಆಗುವುದಿಲ್ಲ. ಊಟ ಆದ ಮೇಲೆ ಏನೂ ತೊಂದರೆ ಇಲ್ಲ.

ಅದಕ್ಕೇ ಮೊದಲ ಎರಡು ವಾರ ಮಿಶ್ರಣ ಮಾಡಲೇಬೇಡಿ. ಒಂದು ಗಿಡ, ಎರಡು ದಿನ. ಅರ್ಧ ಲೋಟ ಸಾಕು. ಒಂದು ಹಳೆ ಕ್ಯಾಲೆಂಡರ್ ಹಿಂದೆ ಬರೆದಿಡಿ: ಏನು, ಎಷ್ಟು, ಎಷ್ಟು ಹೊತ್ತಿಗೆ, ಹೊಟ್ಟೆ ಹೇಗಿತ್ತು, ನಿದ್ದೆ ಹೇಗಿತ್ತು. ನನ್ನ ಕ್ಯಾಲೆಂಡರಿನಲ್ಲಿ ಪುದೀನದ ಎದುರು ‘ಹುಳಿತೇಗು’ ಅಂತಿದೆ. ಹೊಟ್ಟೆಗೆ ಹಿತ ಅಂತ ಎಲ್ಲರೂ ಹೊಗಳುವ ಪುದೀನ ಹುಳಿತೇಗಿನವರಿಗೆ ಅದನ್ನು ಜಾಸ್ತಿ ಮಾಡುವುದೂ ಇದೆ. ಅಕ್ಕನಿಗೆ ಹಿಡಿಸಿದ್ದು ನಿಮಗೆ ಹಿಡಿಸಬೇಕು ಅಂತಿಲ್ಲ.

ನಾಲಿಗೆಗೂ ಇದು ಪಾಠ. ಬರೀ ತುಳಸಿಯ ನೀರು ಕುಡಿದರೆ ಲವಂಗದ ಹಾಗೆ ತುಸು ಚುರುಕು. ಎರಡರಲ್ಲೂ ಯೂಜಿನಾಲ್ ಅನ್ನುವ ಒಂದೇ ಎಣ್ಣೆ ಅಂಶ ಇದೆ. ಹಾಗಾದರೆ ಎರಡನ್ನೂ ಒಂದೇ ಪಾತ್ರೆಗೆ ಏಕೆ ಹಾಕಬೇಕು? ಒಂದು ಸಾಕು. ಕೊತ್ತಂಬರಿ ಬೀಜದ್ದು ಮೆತ್ತನೆಯ ರುಚಿ, ಯಾವುದರ ಜೊತೆಗೂ ಜಗಳ ಇಲ್ಲ. ದೊಡ್ಡಪತ್ರೆ ಹಾಗಲ್ಲ. ಎರಡು ಎಲೆ ಜಾಸ್ತಿ ಬಿದ್ದರೆ ಬೇರೆ ಯಾವುದಕ್ಕೂ ಬಾಯಿ ತೆರೆಯಲು ಬಿಡುವುದಿಲ್ಲ.

ನಾಲ್ಕನೆಯದು: ನೆನೆಸುವುದಾ, ಕುದಿಸುವುದಾ?

ಹೆಚ್ಚಿನವರು ಎಡವುವುದು ಇಲ್ಲಿ. ಕಷಾಯ ಅಂದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಹಾಕಿ ಅರ್ಧಕ್ಕೆ ಇಳಿಯುವ ತನಕ ಕುದಿಸುತ್ತಾರೆ. ಬೇರು, ತೊಗಟೆ, ಬೀಜಕ್ಕೆ ಅದು ಸರಿ. ಎಲೆಗೆ, ಹೂವಿಗೆ ಅಲ್ಲ. ಎಲೆಯ ಘಮ ಇರುವುದು ಹಾರಿಹೋಗುವ ಎಣ್ಣೆಯಲ್ಲಿ. ತುಳಸಿ ಹತ್ತು ನಿಮಿಷ ಕುದ್ದಾಗ ಅಡುಗೆಮನೆಯೆಲ್ಲ ಘಮ್ ಅಂದರೆ, ಆ ಘಮ ನಿಮ್ಮ ಲೋಟದಿಂದ ಹೋದದ್ದು.

ನಾನು ಮಾಡುವುದು ಹೀಗೆ. ಎರಡು ಲೋಟಕ್ಕೆ 450 ಮಿ.ಲೀ. ನೀರು ಇಡುತ್ತೇನೆ. ಅರ್ಧ ಇಂಚು ಶುಂಠಿ ಜಜ್ಜಿ, ನೀರು ತಣ್ಣಗಿರುವಾಗಲೇ ಹಾಕುತ್ತೇನೆ. ಬೀಜ, ಚಕ್ಕೆ ಏನಾದರೂ ಇದ್ದರೆ ಅದೂ ಆಗಲೇ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ 8ರಿಂದ 10 ನಿಮಿಷ. ನೀರಿನ ಬಣ್ಣ ತಿಳಿ ಹಳದಿಗೆ ತಿರುಗುತ್ತದೆ. ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಎಲೆ. ಮಜ್ಜಿಗೆ ಹುಲ್ಲಾದರೆ ಗೇಣುದ್ದದ ಎರಡು ಎಸಳನ್ನು ಗಂಟು ಹಾಕಿ, ಚಪಾತಿ ಕೋಲಿನಿಂದ ಒಂದೇಟು ಕೊಟ್ಟು ಹಾಕುತ್ತೇನೆ. ಕೂಡಲೇ ಮುಚ್ಚಳ. 6 ನಿಮಿಷ ಆದ ಮೇಲೆ ಮುಚ್ಚಳ ತೆಗೆದರೆ ಅದರ ಒಳಗೆ ಹನಿ ಕಟ್ಟಿರುತ್ತದೆ. ಆ ಹನಿಯನ್ನು ಸಿಂಕಿಗೆ ಬಿಡಬೇಡಿ, ಪಾತ್ರೆಗೇ ಕೊಡವಿ. ಘಮ ಕೂತಿರುವುದು ಅಲ್ಲಿ. ಬೆರಳಿಗೆ ಒಂದು ಹನಿ ತಾಗಿಸಿ ಮೂಸಿದರೆ ನಿಮಗೇ ತಿಳಿಯುತ್ತದೆ.

ಇನ್ನೊಂದು ಸಣ್ಣ ವಿಷಯ, ಬೆಂಗಳೂರಿನ ಅಳತೆ ನೋಡಿ ಮಾಡುವವರಿಗೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಎಲೆಗೆ ಇದು ಒಳ್ಳೆಯದೇ. ಶುಂಠಿ, ಜ್ಯೇಷ್ಠಮಧುವಿನಂಥ ಗಟ್ಟಿ ಬೇರಿಗೆ ಮಾತ್ರ ಎರಡು ಮೂರು ನಿಮಿಷ ಜಾಸ್ತಿ ಕೊಡಿ.

ಹಸಿ ಎಲೆಯಾದರೆ ಮೂರು ಚಮಚ, ಒಣಗಿದ್ದಾದರೆ ಒಂದು ಚಮಚ. ಒಂದು ಲೋಟಕ್ಕೆ ಈ ಲೆಕ್ಕ ಸಾಕು. ಪಾತ್ರೆ ಸ್ಟೀಲಿನದ್ದು ಇರಲಿ. ಹುಳಿ ಇರುವುದನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಬೇಡಿ.

ಐದನೆಯದು: ಈಗ ಬೆರೆಸಿ

ಮೂರಕ್ಕಿಂತ ಜಾಸ್ತಿ ಸಾಮಾನು ಬೇಡ, ತೀರಾ ಅಂದರೆ ನಾಲ್ಕು. ಒಂದು ಮುಖ್ಯ ರುಚಿ, ಅದಕ್ಕೆ ಒತ್ತಾಗಿ ನಿಲ್ಲುವುದು ಇನ್ನೊಂದು, ಚಿಟಿಕೆಯಷ್ಟು ಮೂರನೆಯದು. ಒಣ ಸಾಮಾನಾದರೆ ನಾನು 4, 2, 1 ಅಂತ ಅಳೆಯುತ್ತೇನೆ: ಮಜ್ಜಿಗೆ ಹುಲ್ಲು ನಾಲ್ಕು ಚಮಚ, ತುಳಸಿ ಎರಡು, ಒಣಶುಂಠಿ ಚೂರು ಒಂದು. ಈ ಮೂರರಲ್ಲಿ ಬಾಟಲಿ ತುಂಬಿಟ್ಟರೆ ಗಡಿಬಿಡಿಯ ದಿನಕ್ಕೆ ಆಯಿತು.

ನಾಲ್ಕು ಗಂಟೆಯ ಲೋಟಕ್ಕೆ ನಮ್ಮ ಮನೆಯಲ್ಲಿ ಮಜ್ಜಿಗೆ ಹುಲ್ಲು, ಶುಂಠಿ, ಏಲಕ್ಕಿ ಸಿಪ್ಪೆ. ಕಾಳು ಅಲ್ಲ, ಸಿಪ್ಪೆ. ಪಾಯಸಕ್ಕೆ ಕಾಳು ಬಿಡಿಸಿದ ಮೇಲೆ ಉಳಿಯುತ್ತದಲ್ಲ, ಅದನ್ನು ಎಸೆಯದೆ ಡಬ್ಬಿಗೆ ಹಾಕಿಡಿ. ಲೋಟಕ್ಕೆ ಎರಡು ಸಿಪ್ಪೆ ಸಾಕು. ಏಲಕ್ಕಿ ಬೆಲೆ ಗೊತ್ತಿರುವ ಊರು ನಮ್ಮದು.

ಮಧ್ಯಾಹ್ನ ಜಾಸ್ತಿ ಉಂಡ ದಿನಕ್ಕೆ, ಅಂದರೆ ಮದುವೆ ಮನೆಯ ಮರುದಿನಕ್ಕೆ: ಕೊತ್ತಂಬರಿ ಬೀಜ ಒಂದು ಚಮಚ, ಜೀರಿಗೆ ಅರ್ಧ, ಸೋಂಪು ಅರ್ಧ. ಒಣ ಬಾಣಲೆಯಲ್ಲಿ ಸುಮ್ನೆ ಬೆಚ್ಚಗೆ ಮಾಡಿ, ಒಂದೆರಡು ಗುದ್ದು ಕೊಟ್ಟು, ಎರಡು ಲೋಟ ನೀರಲ್ಲಿ 7 ನಿಮಿಷ ಕುದಿಸಿ ಸೋಸಿ.

ಡಿಸೆಂಬರ್ ಆಚೆ ಈಚೆ ಕೊಡಗಿನ ಕಿತ್ತಳೆ ಸಿಕ್ಕರೆ ಸಿಪ್ಪೆ ಒಣಗಿಸಿಡಿ. ಹಿಂದೆ ಕಾಫಿ ತೋಟದ ತುಂಬ ಇದ್ದ ಮರ, ಈಗ ಹುಡುಕಬೇಕು. ಭೌಗೋಳಿಕ ಗುರುತಿನ ಪಟ್ಟ (ಜಿಐ ಟ್ಯಾಗ್) ಸಿಕ್ಕಿದೆ, ಮರಗಳು ಮಾತ್ರ ರೋಗಕ್ಕೆ ಸಿಕ್ಕಿ ಕಮ್ಮಿಯಾದವು. ಮದ್ದು ಹೊಡೆಯದ ಮರದ ಸಿಪ್ಪೆಯೇ ಆಗಬೇಕು. ಒಳಗಿನ ಬಿಳಿ ಭಾಗ ಚಾಕುವಿನಿಂದ ಹೆರೆದುಬಿಡಿ, ಇಲ್ಲದಿದ್ದರೆ ಕಹಿ. ಹೆಬ್ಬೆರಳಿನಷ್ಟು ಸಿಪ್ಪೆ, ಸಣ್ಣ ಚೂರು ಚಕ್ಕೆ, ಬೇಕಾದರೆ ಒಂದು ಲವಂಗ. ನನ್ನ ಮಟ್ಟಿಗೆ ಎಲ್ಲಕ್ಕಿಂತ ರುಚಿಯಾದದ್ದು ಇದು.

ಚಕ್ಕೆಯಲ್ಲಿ ಎರಡು ಜಾತಿ. ಅಂಗಡಿಯಲ್ಲಿ ಸಿಗುವ ದಪ್ಪ, ಗಟ್ಟಿ ತೊಗಟೆ ಹೆಚ್ಚಾಗಿ ಕ್ಯಾಸಿಯಾ. ಅದರಲ್ಲಿ ಕೂಮರಿನ್ ಅನ್ನುವ ಅಂಶ ಜಾಸ್ತಿ, ದಿನಾ ಹೆಚ್ಚು ಹೊಟ್ಟೆಗೆ ಹೋದರೆ ಲಿವರ್‌ಗೆ ಒಳ್ಳೆಯದಲ್ಲ. ಕಾಗದದ ಹಾಗೆ ತೆಳ್ಳಗೆ ಪದರ ಪದರವಾಗಿ ಸುತ್ತಿಕೊಂಡದ್ದು ಸಿಲೋನ್ ಚಕ್ಕೆ. ದಿನಾ ಹಾಕುವವರು ಎರಡನೆಯದನ್ನು ತನ್ನಿ.

ಮಳೆಗಾಲದ ನೆಗಡಿಗೆ ಕಾಳುಮೆಣಸು, ಶುಂಠಿ, ತುಳಸಿ, ಚಿಟಿಕೆ ಅರಿಶಿನ, ಚೂರು ಬೆಲ್ಲ. ಇದನ್ನು ಹೇಳಿಕೊಡುವ ಅಗತ್ಯ ಯಾರಿಗೂ ಇಲ್ಲ. ಆದರೆ ಅರಿಶಿನ, ಮೆಣಸಿನ ಜೋಡಿ ಬಗ್ಗೆ ಓಡಾಡುವ ಒಂದು ಮಾತು ಇದೆ: ‘ಮೆಣಸು ಸೇರಿಸಿದರೆ ಅರಿಶಿನದ ಗುಣ 20 ಪಟ್ಟು’. ಇದು ಪೂರ್ತಿ ಗಾಳಿಮಾತಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಪ್ರಕಟಿಸಿದ ಅಧ್ಯಯನದಿಂದ ಬಂದದ್ದು. ಅಲ್ಲಿ ಜನರಿಗೆ ಕೊಟ್ಟದ್ದು ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ಶುದ್ಧ ರೂಪದಲ್ಲಿ 2 ಗ್ರಾಂ, ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ 3ರಷ್ಟು. ಅರ್ಧ ಗ್ರಾಂ ಚಿಟಿಕೆಯಲ್ಲಿ 15 ಮಿಲಿಗ್ರಾಂ ಬಂತು. ಆ 2 ಗ್ರಾಂ ಎಲ್ಲಿ, ನಮ್ಮ ಲೋಟ ಎಲ್ಲಿ! ಗಂಟಲಿಗೆ ಹಿತ ಅಂತ ಕುಡಿಯಿರಿ, ಮೂಗು ಬಿಡುತ್ತದೆ ಅಂತ ಕುಡಿಯಿರಿ. ಅದಕ್ಕೆ ವಿಜ್ಞಾನದ ಸರ್ಟಿಫಿಕೇಟ್ ಅಂಟಿಸುವುದು ಬೇಡ.

ಜೇನು ಹಾಕುವುದಾದರೆ ಲೋಟ ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ, ಒಂದೇ ಚಮಚ. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಲೂಬಾರದು. ಬಾಟ್ಯುಲಿಸಂ ಅನ್ನುವ ಕೆಟ್ಟ ಕಾಯಿಲೆ ಬರಬಹುದು, ಎಂಥ ಶುದ್ಧ ಕಾಡುಜೇನಾದರೂ ಅಷ್ಟೇ.

ಆರನೆಯದು: ಒಣಗಿಸಿ ಇಡುವುದು

ಹಸಿ ಎಲೆ ಹಿತ್ತಲಲ್ಲೇ ಇರುವಾಗ ಒಣಗಿಸುವುದು ಯಾಕೆ ಅಂದುಕೊಂಡಿದ್ದೆ. ಆಗಸ್ಟ್‌ನಲ್ಲಿ ತುಳಸಿ ಗಿಡ ಕೊಳೆತು ಬರೀ ಕಡ್ಡಿ ಉಳಿದಾಗ ಬುದ್ಧಿ ಬಂತು. ಆ ಮಳೆಯಲ್ಲಿ ಒಣಗಿಸಲು ಹೋಗಿ ಮೊರದ ತುಂಬ ಮಜ್ಜಿಗೆ ಹುಲ್ಲಿಗೆ ಮೂರೇ ದಿನಕ್ಕೆ ಬೂಷ್ಟು ಹಿಡಿಯಿತು. ಇನ್ನೊಂದು ಕಟ್ಟನ್ನು ಒಲೆ ಮೇಲಿನ ಅಟ್ಟಕ್ಕೆ ಕಟ್ಟಿದೆ. ಒಣಗಿತು, ಚೆನ್ನಾಗಿಯೇ ಒಣಗಿತು. ಪಕ್ಕದಲ್ಲಿ ಹಂದಿ ಮಾಂಸದ ತುಂಡು ಹೊಗೆಗೆ ತೂಗುಹಾಕಿದ್ದು ನನ್ನ ತಲೆಗೆ ಹೋಗಿರಲಿಲ್ಲ. ಆ ಚಹಾ ಕುಡಿದ ನಮ್ಮವರು, ‘ಅಕ್ಕಿ ರೊಟ್ಟಿ ಇದ್ದರೆ ಕೊಡು’ ಅಂದರು.

ಒಣಗಿಸುವ ಕಾಲ ಫೆಬ್ರವರಿ, ಮಾರ್ಚ್. ಕಾಫಿ ಕಣ ಖಾಲಿಯಾಗುವ ಹೊತ್ತು, ಕಾಫಿ ಹೂ ಅರಳಿಸುವ ಹೂಮಳೆ ಬರುವುದರೊಳಗೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕಿತ್ತು, ತೊಳೆದು, ನೀರು ಬಸಿದು, ಬಟ್ಟೆ ಮೇಲೆ ತೆಳ್ಳಗೆ ಹರಡಿ. ಎಲೆ ನೆರಳಲ್ಲಿ, ಗಾಳಿ ಆಡುವ ಕಡೆ. ಬಿಸಿಲಿಗೆ ಹಾಕಿದರೆ ಬಣ್ಣವೂ ಹೋಗುತ್ತದೆ, ಘಮವೂ ಹೋಗುತ್ತದೆ. ಶುಂಠಿ ಚೂರು, ಕಿತ್ತಳೆ ಸಿಪ್ಪೆ ಬಿಸಿಲಲ್ಲೇ ಆಗಬೇಕು. ಎಲೆ ಮುಷ್ಟಿಯಲ್ಲಿ ಹಿಡಿದರೆ ಚರಚರ ಪುಡಿಯಾಗಬೇಕು, ಮಡಚಿಕೊಂಡರೆ ಇನ್ನೂ ಒಂದು ದಿನ.

ಗಾಜಿನ ಬಾಟಲಿ, ಬಿಗಿ ಮುಚ್ಚಳ, ಕತ್ತಲೆ ಕಪಾಟು. ಮೇಲೆ ತಿಂಗಳು ಬರೆದು ಅಂಟಿಸಿ. ಮಳೆಗಾಲದಲ್ಲಿ ಒದ್ದೆ ಚಮಚ ಹಾಕಿದರೆ ಇಡೀ ಬಾಟಲಿ ಕೆಡುತ್ತದೆ. ಬೂಷ್ಟು ಒಂದು ಚೂರು ಕಂಡರೂ ‘ಮೇಲಿಂದ ತೆಗೆದರಾಯಿತು’ ಅನ್ನಬೇಡಿ, ಎಲ್ಲ ಗೊಬ್ಬರದ ಗುಂಡಿಗೆ. ವರ್ಷ ದಾಟಿದ್ದರಲ್ಲಿ ಹುಲ್ಲಿನ ರುಚಿ ಬಿಟ್ಟು ಬೇರೇನೂ ಉಳಿದಿರುವುದಿಲ್ಲ.

ಏಳನೆಯದು: ಯಾರು ಕೇಳಿ ಕುಡಿಯಬೇಕು?

ಗಿಡದ್ದು, ಏನೂ ಆಗುವುದಿಲ್ಲ ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಕೆಲಸ ಮಾಡುವ ಶಕ್ತಿ ಇದ್ದರೆ ತೊಂದರೆ ಮಾಡುವ ಶಕ್ತಿಯೂ ಇರುತ್ತದೆ.

ಜ್ಯೇಷ್ಠಮಧು ಗಂಟಲಿಗೆ ಸಿಹಿಯಾಗಿ ಇಳಿಯುತ್ತದೆ. ಆದರೆ ದಿನಾ ಕುಡಿದರೆ ಬಿಪಿ ಏರಿಸುತ್ತದೆ, ಮೈಯಲ್ಲಿನ ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿ ಇರುವವರು, ಬಸುರಿಯರು ಅದನ್ನು ಮುಟ್ಟದಿರುವುದೇ ಸರಿ. ಅಂಗಡಿಯ ಕೆಂಪು ದಾಸವಾಳದ ಚಹಾ ಇದಕ್ಕೆ ತಿರುಗಾಮುರುಗಾ, ಬಿಪಿ ತುಸು ಇಳಿಸುತ್ತದೆ. ಮಾತ್ರೆಯೂ ನುಂಗಿ ಇದನ್ನೂ ಕುಡಿದರೆ ತಲೆ ತಿರುಗಬಹುದು. ಅಂದ ಹಾಗೆ ಅದು ನಮ್ಮ ಅಂಗಳದ ದಾಸವಾಳ ಅಲ್ಲ. ಉತ್ತರ ಕರ್ನಾಟಕದವರು ಸೊಪ್ಪು ತಿನ್ನುವ ಪುಂಡಿ ಗಿಡದ ಹೂವಿನ ಬುಡದ ಕೆಂಪು ಪುಷ್ಪಪಾತ್ರೆ ಅದು.

ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ದಿನಾ ಕುಡಿಯಲು ಶುರು ಮಾಡುವ ಮೊದಲು ಡಾಕ್ಟರಿಗೆ ಬಾಟಲಿ ತೋರಿಸಿ ಕೇಳಿ. ಕಾಳುಮೆಣಸಿನ ಪೈಪರಿನ್ ಕೆಲವು ಮಾತ್ರೆಗಳನ್ನೂ ರಕ್ತಕ್ಕೆ ಜಾಸ್ತಿ ಸೇರಿಸುತ್ತದೆ. ಬಸುರಿಯರಿಗೆ ಅಡುಗೆಯಲ್ಲಿ ಬೀಳುವಷ್ಟು ಶುಂಠಿ, ಜೀರಿಗೆ ತೊಂದರೆ ಇಲ್ಲ. ಲೋಟಗಟ್ಟಲೆ ತುಳಸಿ, ಚಕ್ಕೆ ಬೇಡ.

ಅಮೃತಬಳ್ಳಿ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತು. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಕುಡಿದವರಲ್ಲಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಬೆರೆತಿರಬಹುದು ಅಂದಿತು. ಯಾರ ಮಾತು ಸರಿಯಾದರೂ ದಿನದ ಚಹಾಕ್ಕೆ ಆ ಬಳ್ಳಿ ನನಗೆ ಬೇಡ. ವೈದ್ಯರು ಕೊಟ್ಟರೆ ಅದು ಬೇರೆ.

ರಕ್ತ ಕಮ್ಮಿ ಇದೆ ಅಂತ ಕಬ್ಬಿಣದ ಮಾತ್ರೆ ನುಂಗುವವರು, ಹೆಂಗಸರಲ್ಲಿ ಇದು ಜಾಸ್ತಿ, ಊಟದ ಜೊತೆ ಚಹಾ ಬೇಡ. ಕಾಫಿ, ಟೀ ಮಾತ್ರವಲ್ಲ, ಪುದೀನದ ನೀರೂ ಕಬ್ಬಿಣಾಂಶ ಮೈಗೆ ಹಿಡಿಯಲು ಬಿಡುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಅಂಗಡಿ ಪೆಟ್ಟಿಗೆ ಕೊಳ್ಳುವವರಿಗೆ ಒಂದೇ ಮಾತು: ಮುಂಭಾಗ ಬಿಟ್ಟು ಹಿಂಭಾಗ ಓದಿ. ‘ತೂಕ ಇಳಿಸುವ ಚಹಾ’ ಅಂತಿದ್ದರೆ ಪಟ್ಟಿಯಲ್ಲಿ ಸೋನಾಮುಖಿ ಹುಡುಕಿ. ಅದು ಭೇದಿ ಮಾಡಿಸುವ ಎಲೆ. ಇಳಿಯುವುದು ನೀರು, ಕೊಬ್ಬಲ್ಲ.

ಮದ್ದುಸೊಪ್ಪು ಹಾಕಬಹುದಾ?

ಈ ಪ್ರಶ್ನೆ ಪ್ರತಿ ಆಗಸ್ಟ್‌ನಲ್ಲಿ ನನಗೆ ಬರುತ್ತದೆ, ಹೆಚ್ಚಾಗಿ ಬೆಂಗಳೂರಿನಲ್ಲಿರುವ ನಾದಿನಿಯಿಂದ. ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ರ ಸುಮಾರಿಗೆ, ಆ ಸೊಪ್ಪಿಗೆ ಹದಿನೆಂಟು ಬಗೆಯ ಮದ್ದಿನ ಗುಣ ಸೇರುತ್ತದೆ ಅನ್ನುವುದು ಇಲ್ಲಿನ ನಂಬಿಕೆ. ಕುದಿಸಿದರೆ ನೀರು ಕಡು ನೇರಳೆ. ನೋಡಲು ಯಾವ ಪೆಟ್ಟಿಗೆ ಚಹಾಕ್ಕೂ ಕಮ್ಮಿ ಇಲ್ಲ. ಅದಕ್ಕೇ ಅವಳಿಗೆ ಆಸೆ: ‘ಅತ್ತಿಗೆ, ಒಣಗಿಸಿ ಕಳಿಸಿ, ವರ್ಷವಿಡೀ ಕುಡಿಯುತ್ತೇನೆ.’

ಕಳಿಸುವುದಿಲ್ಲ. ಆ ಸೊಪ್ಪು ಪಾಯಸಕ್ಕೆ, ಪುಟ್ಟಿಗೆ, ವರ್ಷಕ್ಕೆ ಒಂದೆರಡು ದಿನ ಅಂತ ಹಿರಿಯರು ಬಳಸಿದ್ದು. ದಿನಾ ಕುಡಿದು ನೋಡಿದವರು ನನ್ನ ಕಣ್ಣಿಗೆ ಬಿದ್ದಿಲ್ಲ. ಬೇಕಿದ್ದರೆ ಅವತ್ತೇ ಬಸ್ಸು ಹತ್ತಿ ಬರಲಿ. ಅತ್ತೆ ಹಿಂದಿನ ರಾತ್ರಿಯೇ ಸೊಪ್ಪು ತಂದಿಡುತ್ತಾರೆ, ತೆಂಗಿನ ಹಾಲು ಹಿಂಡುವುದು ನಾನು. ಹೋದ ವರ್ಷ ಬಂದಿದ್ದಳು, ಜೊತೆಗೆ ಆಫೀಸಿನ ಗೆಳತಿಯನ್ನೂ ಕರೆತಂದಿದ್ದಳು. ಎರಡು ಬಟ್ಟಲು ಪಾಯಸ ತಿಂದ ಆ ಹುಡುಗಿಗೆ, ನಾಳೆ ಬೆಳಿಗ್ಗೆ ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡ ಅಂತ ಹೇಳಲು ಎಲ್ಲರೂ ಮರೆತೆವು. ಬೆಳಿಗ್ಗೆ ಆರಕ್ಕೆ ಬಚ್ಚಲಿನಿಂದ ಕೂಗು ಕೇಳಿದ ಮೇಲೆಯೇ ನೆನಪಾದದ್ದು.